ತಳದಲ್ಲಿ ತೂತಿರುವ ಗಾಡಿ

ನಾಲ್ಕೂ ಕಡೆ ತಗಡಿನ ಗೋಡೆ. ಹಿಂದೆ ಇಳಿಬಿಡುವ ಬಾಗಿಲಿಲ್ಲ. ತಳದಲ್ಲಿ ಮಾತ್ರ ಎರಡು ತೂತು, ಒಂದೊಂದಕ್ಕೂ ಒಂದು ಮುಚ್ಚಳ. ಚಿತ್ರದುರ್ಗ ಜಿಲ್ಲೆ ತಾಳ್ಯ ಹೋಬಳಿಯ ಯಾವುದೇ ರೈತನ ಕಣದಲ್ಲಿ ಇಂಥದೊಂದು ಗಾಡಿ ತಂದು ನಿಲ್ಲಿಸಿದರೆ ‘ಇದ್ರಾಗಿಂದ ಜ್ವಾಳ ಇಳ್ಸೋದು ಹೆಂಗಪ್ಪಾ?’ ಎಂದು ಆತ ಕೇಳದೆ ಇರಲಾರ. ಮೆಕ್ಕೆಜೋಳ ಹೇರಿಕೊಂಡು ಹೊಳಲ್ಕೆರೆ ದಾರಿ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರುಗಳನ್ನು ದಿನಾ ನೋಡುವವನಿಗೆ ಬಾಗಿಲಿಲ್ಲದ ಟ್ರೇಲರ್ ಎಂದರೆ ಅರ್ಧಕ್ಕೆ ಬಿಟ್ಟ ಕೆಲಸ.

ಅದು ಅರ್ಧಕ್ಕೆ ಬಿಟ್ಟ ಕೆಲಸವಲ್ಲ. ಹೊಳೆ ಅಡ್ಡ ಬಂದಾಗ ನೀರಿನ ಮೇಲೆ ತೇಲಲಿ ಎಂದೇ ಎರಡನೇ ಮಹಾಯುದ್ಧದ ಕಾಲದ ಜೀಪ್ ಟ್ರೇಲರನ್ನು ದೋಣಿಯಂತೆ ಸುತ್ತ ಮುಚ್ಚಿ ಮಾಡಿದ್ದರು. ಮಳೆ ನೀರು ತುಂಬಿದರೆ ಮುಚ್ಚಳ ಬಿಚ್ಚಿ ಹರಿಯಬಿಡಬೇಕು, ಹೊಳೆಗೆ ಇಳಿಯುವ ಮುನ್ನ ಬಿಗಿಯಬೇಕು. ತೂತಿನ ಗುಟ್ಟು ಇಷ್ಟೇ. ಮಳೆಗಾಗಿ ಮುಗಿಲು ನೋಡುವ ಚಿತ್ರದುರ್ಗದ ಬಯಲಿನಲ್ಲಿ ತೇಲುವ ಗಾಡಿ ಎಂದರೆ ನಗು ಬಂದೀತು. ಆದರೆ ಹಳೆಯ ಕಬ್ಬಿಣ ಉಳಿಯುವುದಕ್ಕೆ ಈ ಒಣ ಹವೆಯೇ ಒಳ್ಳೆಯದು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತುಕ್ಕು ಹಿಡಿದು ಜಾಳಾಗುವ ತಗಡು ಇಲ್ಲಿ ಇನ್ನಷ್ಟು ವರ್ಷ ತಾಳುತ್ತದೆ.

ಹಳೆಯ ಕಾರು, ಜೀಪು, ಬುಲೆಟ್ ರಿಪೇರಿ ಮಾಡಿ ಮೆರೆಸುವವರು ಕರ್ನಾಟಕದಲ್ಲಿ ಬೇಕಾದಷ್ಟಿದ್ದಾರೆ. ಧರ್ಮಸ್ಥಳದ ಕಾರುಗಳ ಸಂಗ್ರಹ ನೋಡಲು ಜನ ಸಾಲುಗಟ್ಟುತ್ತಾರೆ. ಆದರೆ ಜೀಪಿನ ಬೆನ್ನಿಗೆ ಬಿದ್ದು ಹಿಂದೆ ಹಿಂದೆ ಓಡಿದ ಟ್ರೇಲರನ್ನು ಕೇಳುವವರು ಕಡಿಮೆ. ಅದರಲ್ಲಿ ಎಂಜಿನ್ ಇಲ್ಲ, ಸದ್ದಿಲ್ಲ, ಕೂತು ಫೋಟೊ ತೆಗೆಸಿಕೊಳ್ಳಲು ಸೀಟೂ ಇಲ್ಲ. ಹಾಗಿದ್ದೂ ಮನೆಯಂಗಳದಲ್ಲಿ, ರಜೆಯ ದಿನಗಳಲ್ಲಿ, ಇದ್ದಷ್ಟು ಸಾಮಾನಿನಲ್ಲಿ ಒಬ್ಬರೇ ಕೈಹಾಕಬಹುದಾದ ಮಿಲಿಟರಿ ವಾಹನ ಯಾವುದಾದರೂ ಇದ್ದರೆ ಅದು ಇದೇ.

ಇದರ ಹುಟ್ಟಿನ ಕತೆಯಲ್ಲಿ ಒಂದು ಅನ್ಯಾಯವೂ ಸೇರಿದೆ. 1940ರಲ್ಲಿ ಅಮೆರಿಕದ ಸೈನ್ಯ ಸಣ್ಣ, ಹಗುರ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ವಾಹನ ಬೇಕೆಂದು 135 ಕಂಪನಿಗಳನ್ನು ಕೇಳಿತು. ಮಾದರಿ ವಾಹನಕ್ಕೆ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಗಡುವಿನೊಳಗೆ ಮಾಡಿ ಮುಗಿಸಿ, ಆ ವರ್ಷದ ಸೆಪ್ಟೆಂಬರ್ 23ರಂದು ಒಪ್ಪಿಸಿತು. ಜೀಪ್ ಹುಟ್ಟಿದ್ದು ಹಾಗೆ. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಅವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಬ್ಯಾಂಟಮ್ ಮಾಡಿದ್ದು 2,700ರ ಒಳಗೆ. ಮಗು ಹೆತ್ತವರಿಗೆ ತೊಟ್ಟಿಲು ಮಾಡುವ ಕೆಲಸ ವಹಿಸಿದಂತೆ, ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡುವ ಗುತ್ತಿಗೆಯನ್ನು ಆ ಕಂಪನಿಗೆ ಕೊಟ್ಟರು. ಬ್ಯಾಂಟಮ್ ‘ಟಿ-3’ ಹೆಸರಿನ ಸುಮಾರು 73,000 ಟ್ರೇಲರುಗಳು ಹೊರಬಂದವು. ಅದೇ ಅಳತೆಯ ಟ್ರೇಲರನ್ನು ವಿಲ್ಲಿಸ್ ಕೂಡ ಮಾಡಿತು.

ಲೆಕ್ಕದಲ್ಲಿ ಇದು ಕಾಲು ಟನ್ನಿನ ಗಾಡಿ. ದಾರಿಯಿಲ್ಲದ ಕಡೆ ಹೊರಬೇಕಾದ ಭಾರ 500 ಪೌಂಡ್, ಅಂದರೆ 227 ಕೆಜಿ. 50 ಕೆಜಿಯ ನಾಲ್ಕು ಮೂಟೆ ಹಾಕಿ ಮೇಲೊಂದು ಬುಟ್ಟಿ ಇಟ್ಟಷ್ಟು. ಖಾಲಿ ಗಾಡಿಯೇ 250 ಕೆಜಿ ತೂಗುತ್ತದೆ. ನಾಲ್ಕು ಜನ ಸೇರಿದರೆ ಎತ್ತಿ ಸರಿಸಬಹುದು. ಚಕ್ರದಿಂದ ಚಕ್ರಕ್ಕೆ ಇರುವ ಅಂತರ 49 ಇಂಚು, ಜೀಪಿನದೂ ಅಷ್ಟೇ. ಮುಂದಿನ ಗಾಡಿಯ ಜಾಡಿನಲ್ಲೇ ಹಿಂದಿನದು ಬರಲಿ ಎಂದು. ಟೈರೂ ಜೀಪಿನದೇ, 6.00-16. ಒಂದರ ಟೈರ್ ಪಂಕ್ಚರ್ ಆದರೆ ಇನ್ನೊಂದರದನ್ನು ಬಿಚ್ಚಿ ಹಾಕಬಹುದು. ಈ 6.00-16 ಎಂಬ ಸಂಖ್ಯೆ ನಮ್ಮ ರೈತರಿಗೆ ಬಾಯಿಪಾಠ: ಟ್ರ್ಯಾಕ್ಟರಿನ ಮುಂದಿನ ಟೈರಿನ ಅಳತೆ ಅದು.

ಇಂಥ ಗಾಡಿಗಳು ಭಾರತಕ್ಕೆ ಬಂದದ್ದು ಬರ್ಮಾ ರಣರಂಗದ ದೆಸೆಯಿಂದ. ಬೆಂಗಳೂರು ಆಗ ದೊಡ್ಡ ದಂಡುಪ್ರದೇಶ. ಮೈಸೂರು ಸಂಸ್ಥಾನದ ಬೆಂಬಲದಿಂದ 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ನಡುವೆ ಅಮೆರಿಕದ ವಾಯುಪಡೆಯ ವಿಮಾನಗಳನ್ನು ರಿಪೇರಿ ಮಾಡುವ ಡಿಪೋ ಆಗಿತ್ತು. ಯುದ್ಧ ಮುಗಿದು ಸೈನ್ಯ ಮರಳಿತು, ಸಾಮಾನು ಇಲ್ಲೇ ಉಳಿಯಿತು. ಅದು ಹರಾಜಾಗಿ ಹರಡಿದ ಪರಿಯಿಂದಲೇ ‘ಮಿಲಿಟರಿ ಡಿಸ್ಪೋಸಲ್’ ಎಂಬ ಮಾತು ನಮ್ಮ ಹಳ್ಳಿಗಳ ಬಾಯಿಗೂ ಬಂತು. 1947ರ ಹೊತ್ತಿಗೆ ಮುಂಬೈಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳ ಜೋಡಣೆ ಶುರುಮಾಡಿತು. ಮರುವರ್ಷ ಕಾಶ್ಮೀರದ ತುರ್ತಿಗೆಂದು ವಿದೇಶದಿಂದ ಕೊಂಡ ರಿಪೇರಿ ಜೀಪುಗಳಲ್ಲಿ ಬಂದಿಳಿದ 155 ಬಳಕೆಗೆ ಬಾರವು ಎಂಬ ದೂರು ಸಂಸತ್ತಿನ ಮೆಟ್ಟಿಲು ಹತ್ತಿತು. ಸ್ವತಂತ್ರ ಭಾರತದ ಮೊದಲ ಹಗರಣ ಎನ್ನುವ ಹೆಸರು ಬಿದ್ದದ್ದು ಅದಕ್ಕೇ. ಹಳೆಯ ಮಿಲಿಟರಿ ಗಾಡಿ ಕೊಳ್ಳುವವರು ಇಂದಿಗೂ ನೆನಪಿಡಬೇಕಾದ ಪ್ರಸಂಗ: ಮೇಲಿನ ಬಣ್ಣ ನೋಡಿ ದುಡ್ಡು ಕೊಡಬಾರದು.

ಸೈನ್ಯದ ಸಾಮಾನು ಸಾಗಿಸುವ ಕಸುಬು ಈ ಸೀಮೆಗೆ ಜೀಪಿನ ಜೊತೆ ಬಂದದ್ದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಮುಂದೆ ಟಿಪ್ಪುವಿನ ಕೈಯಲ್ಲಿ ‘ಅಮೃತಮಹಲ್’ ಆಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಹುಟ್ಟಿದ ಇಲಾಖೆ ಫಿರಂಗಿ, ಮದ್ದುಗುಂಡು ಎಳೆಯುವ ಎತ್ತುಗಳನ್ನು ಸಾಕುವ ಸೈನ್ಯದ ಅಂಗವಾಯಿತು. 1779ರಲ್ಲಿ ಚಿತ್ರದುರ್ಗ ಗೆದ್ದ ಹೈದರಾಲಿ, ಎರಡೇ ವರ್ಷದ ನಂತರ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸೈನ್ಯ ನಡೆಸಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ಬರೆದಿಟ್ಟಿದೆ. ಟಿಪ್ಪು ಮಡಿದ ಮೇಲೆ ಇಂಗ್ಲಿಷರು ಇಲಾಖೆಯನ್ನು ತಮ್ಮದಾಗಿಸಿಕೊಂಡರು. ಖರ್ಚು ಉಳಿಸಲು ಹೋಗಿ 1860ರಲ್ಲಿ ಹಿಂಡುಗಳನ್ನು ಮಾರಿ, ಕೈ ಸುಟ್ಟುಕೊಂಡು 1866ರಲ್ಲಿ ಮತ್ತೆ ಕಟ್ಟಿದರು. ಹೊಸದುರ್ಗದ ಮಗ್ಗುಲಿಗಿರುವ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಅವು ಮೇಯುತ್ತಿದ್ದ ಕಾವಲುಗಳಲ್ಲೊಂದಾದ ಚಳ್ಳಕೆರೆಯ ವರವು ಕಾವಲಿನಲ್ಲಿ ಈಗ ರಕ್ಷಣಾ ಸಂಶೋಧನಾ ಸಂಸ್ಥೆ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುತ್ತಿದೆ. ಎತ್ತು ಹೋದರೂ ಹುಲ್ಲುಗಾವಲಿಗೆ ಮಿಲಿಟರಿ ನಂಟು ತಪ್ಪಲಿಲ್ಲ.

ಗಾಡಿಯ ಭಾಷೆಯೂ ಹಾಗೇ ಉಳಿದಿದೆ. ಮೂಕಿ, ಅಚ್ಚು, ಗುಂಬ, ಕಡಾಣಿ, ಕೀಲೆಣ್ಣೆ ಎಂಬ ಮಾತುಗಳನ್ನು ಬಲ್ಲ ಹಿರಿಯರಿಗೆ ಜೀಪ್ ಟ್ರೇಲರಿನಲ್ಲಿ ಅರ್ಥವಾಗದ್ದು ಏನೂ ಇರುವುದಿಲ್ಲ. ಮುಂದೆ ಚಾಚಿರುವ ಕಬ್ಬಿಣದ ಮೂಕಿ, ಅದರ ತುದಿಗೆ ನೊಗದ ಬದಲು ಒಂದು ದಪ್ಪ ಬಳೆ. ಬಳೆ ಜೀಪಿನ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಎತ್ತು ಬಿಚ್ಚಿದ ಮೇಲೆ ಗಾಡಿಯ ಮೂಕಿಗೆ ಊರುಗೋಲು ಕೊಡುವಂತೆ ಇಲ್ಲಿಯೂ ಮಡಚುವ ಒಂದು ಕಾಲಿದೆ. ಮರದ ಚಕ್ರ ಹೋಗಿ ಟೈರ್ ಗಾಡಿ ಬಂದಾಗ ನಮ್ಮ ಕಮ್ಮಾರರು ಹಳೆಯ ಜೀಪು, ಲಾರಿಗಳ ಎಕ್ಸಲ್ಲನ್ನೇ ಗಾಡಿಗೆ ಕೂರಿಸಿ ಕೊಟ್ಟವರು. ಆದ್ದರಿಂದ ಟ್ರೇಲರ್ ರಿಪೇರಿಗೆ ಬೇಕಾದ ಕೈಚಳಕ ಹೊಳಲ್ಕೆರೆ, ಚಿತ್ರದುರ್ಗದ ರಸ್ತೆ ಬದಿಯ ಶೆಡ್ಡುಗಳಲ್ಲಿ ಇದ್ದೇ ಇದೆ. ಇಲ್ಲದ್ದು ತಾಳ್ಮೆ.

ತಾಳ್ಮೆ ಯಾಕೆಂದರೆ, ಮೊದಲ ಕೆಲಸವೇ ಏನೂ ಮಾಡದಿರುವುದು. ಗ್ಯಾರೇಜಿಗೆ ಒಯ್ದರೆ ‘ಗ್ರೈಂಡರ್ ಹಿಡುದ್ರೆ ಅರ್ಧ ದಿನದಾಗೆ ಫಳಫಳ ಅನ್ನುಸ್ತೀನಿ ಸಾರ್’ ಎನ್ನುತ್ತಾರೆ. ಹಾಗೆ ಹಿಡಿದ ಗ್ರೈಂಡರಿನ ಬಾಯಿಗೆ 80 ವರ್ಷದ ದಾಖಲೆ ಹೋಗುತ್ತದೆ. ತಿಳಿದವರು ಮಾಡುವುದು ಬೇರೆ. ನೀರು ಹಾಕಿ ಉಜ್ಜುವ ನಯವಾದ ಎಮರಿ ಕಾಗದ ತೆಗೆದುಕೊಂಡು, ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಸುತ್ತುಸುತ್ತಾಗಿ ತಿಕ್ಕುತ್ತಾರೆ. ನಡುವೆ ಆಳವಾಗಿ, ಅಂಚಿಗೆ ಮೇಲಾಗಿ ತಿಕ್ಕಿದರೆ ಮರದ ಬೊಡ್ಡೆಯ ಉಂಗುರಗಳಂತೆ ಬಣ್ಣದ ಪದರಗಳು ಏಳುತ್ತವೆ. ಎಲ್ಲಕ್ಕಿಂತ ಮೇಲೆ ಯಾರೋ ಬಳಿದ ಟ್ರ್ಯಾಕ್ಟರ್ ನೀಲಿ, ಅದರ ಕೆಳಗೆ ರೆಡ್ ಆಕ್ಸೈಡ್, ಆಮೇಲೆ ಒಂದು ಹಸಿರು, ಇನ್ನೂ ಕೆಳಗೆ ಹೊಳಪಿಲ್ಲದ ಮತ್ತೊಂದು ಹಸಿರು. ಯುದ್ಧದ ಕಾಲದ ಬಣ್ಣಕ್ಕೆ ಹೊಳಪಿರಲಿಲ್ಲ. ಬಿಸಿಲಿಗೆ ಮಿಂಚಿದರೆ ಮೇಲೆ ಹಾರುವ ವಿಮಾನಕ್ಕೆ ಕಾಣುತ್ತದಲ್ಲ! ಅದೃಷ್ಟವಿದ್ದರೆ ಮೇಲಿನ ಪದರ ತೆಗೆಯುತ್ತ ಹೋದಂತೆ ಬಿಳಿಯ ಅಂಕಿಗಳು ಕಾಣಿಸಬಹುದು. ಅವು ಸಿಕ್ಕರೆ ಕೈ ನಿಲ್ಲಿಸಿ ಫೋಟೊ ತೆಗೆಯಬೇಕು, ಅಳತೆ ಬರೆದಿಡಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣ ಧೂಳೆಬ್ಬಿಸಿ ಉಜ್ಜುವುದು, ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳುವುದು ಬೇಡವೇ ಬೇಡ.

ಎರಡನೆಯ ಪರೀಕ್ಷೆಗೆ ಒಂದು ಸಣ್ಣ ಸುತ್ತಿಗೆ ಸಾಕು. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಅಡಿಯಿಂದ ಮೇಲಿನವರೆಗೆ ತಟ್ಟುತ್ತ ಬರಬೇಕು. ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೆ ಕೊಳೆತದ್ದು ದಬ್ ಎನ್ನುತ್ತದೆ. ತಳದ ತಗಡು ಚಾಸಿಯ ಮೇಲೆ ಕೂರುವ ಸಂದಿ, ಪೆಟ್ಟಿಗೆಯ ಮೂಲೆಗಳು, ಮಡ್‌ಗಾರ್ಡಿನ ಒಳಮೈ ಇವು ಮಣ್ಣು ಕಚ್ಚಿಕೊಂಡು ತೇವ ಹಿಡಿದಿಡುವ ಜಾಗಗಳು. ತುಕ್ಕು ಶುರುವಾಗುವುದು ಅಲ್ಲೇ.

ಸಣ್ಣ ಭಾಗಗಳ ತುಕ್ಕಿಗೆ ಎರಡು ಮನೆಮದ್ದುಗಳಿವೆ. ಒಂದು ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಕೊಕ್ಕೆ, ಬೋಲ್ಟು, ಬ್ರೇಕಿನ ಸಾಮಾನನ್ನು ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕು ಮಾತ್ರ ಬಿಟ್ಟು ಕಬ್ಬಿಣ ಉಳಿಯುತ್ತದೆ. ನಾತವನ್ನು ಮನೆಯವರು ಸಹಿಸಬೇಕು. (ಹಿರಿಯೂರಿನ ಸಕ್ಕರೆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದ್ದರಿಂದ ಕಾಕಂಬಿಗೂ ಈಗ ದೂರ ಹೋಗಬೇಕು.) ಇನ್ನೊಂದು ವಿದ್ಯುತ್ತಿನದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ತಂತಿ ಒಂದು ಬೇಡದ ಕಬ್ಬಿಣದ ತುಂಡಿಗೆ. ತಂತಿ ಅದಲುಬದಲಾದರೆ ಉಳಿಸಬೇಕಾದದ್ದೇ ಕರಗಿಹೋಗುತ್ತದೆ. ಸ್ಟೀಲ್ ತಟ್ಟೆ, ಚಮಚ ಬಳಸಲೇಬಾರದು, ಅದರ ಕ್ರೋಮಿಯಂ ನೀರಿಗೆ ಬಿಟ್ಟು ವಿಷವಾಗುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಬೇಕು, ಬೀಡಿ ದೂರವಿರಬೇಕು.

ದೊಡ್ಡ ತೂತುಗಳಿಗೆ ವೆಲ್ಡಿಂಗ್ ಬೇಕೇಬೇಕು. ಟ್ರ್ಯಾಕ್ಟರ್ ಟ್ರೇಲರಿನ ದಪ್ಪ ಪ್ಲೇಟಿಗೆ ರಾಡ್ ಹಾಕಿ ಪಳಗಿದ ಕೈ ಇಲ್ಲಿ ಎಡವುತ್ತದೆ. ಈ ತಗಡು ತೆಳು, ಆರ್ಕ್ ವೆಲ್ಡಿಂಗ್ ತಗುಲಿದ ಕಡೆ ಹೊಸ ತೂತು ಬೀಳುತ್ತದೆ. ಕಾರಿನ ಟಿಂಕರಿಂಗ್ ಮಾಡುವವರ ಮಿಗ್ (ಸಿಒ2) ವೆಲ್ಡಿಂಗ್ ಮೆಷಿನ್ ಬೇಕು. ಅದರಲ್ಲೂ ಒಂದೇ ಗೆರೆ ಎಳೆಯದೆ, ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು, ತಣಿಯಲು ಬಿಟ್ಟು, ಚುಕ್ಕೆ ಕೂಡಿಸುತ್ತ ಬರಬೇಕು. ಇಲ್ಲದಿದ್ದರೆ ಚಪ್ಪಟೆ ಗೋಡೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಕಮಾನು ಪಟ್ಟಾಗಳನ್ನು ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಕಟ್ಟುವುದು ಲಾರಿ ಪಟ್ಟಾ ಕೆಲಸದವರಿಗೆ ಒಂದು ಹೊತ್ತಿನ ಕೆಲಸ. ಬಾಗು ಸರಿಪಡಿಸಲು ಗ್ಯಾಸಿನಿಂದ ಕಾಯಿಸಬೇಡಿ ಎಂದು ಮಾತ್ರ ಹೇಳಬೇಕು. ಕಾದ ಪಟ್ಟಾ ತನ್ನ ಹದ ಕಳೆದುಕೊಳ್ಳುತ್ತದೆ.

ಪ್ರಾಣಕ್ಕೆ ಎರವಾಗುವ ಜಾಗ ಒಂದೇ, ಅದು ಚಕ್ರ. ಯುದ್ಧ ಕಾಲದ ಕೆಲವು ಡಿಸ್ಕುಗಳು ಎರಡು ಹೋಳಾಗಿದ್ದು ಸುತ್ತ ನಟ್ಟುಗಳಿಂದ ಬಿಗಿದಿರುತ್ತವೆ. ಟೈರಿನಲ್ಲಿ ಗಾಳಿ ಇರುವಾಗಲೇ ಆ ನಟ್ಟು ಬಿಚ್ಚಿದರೆ ಅರ್ಧ ಡಿಸ್ಕು ಗುಂಡಿನಂತೆ ಮುಖಕ್ಕೆ ಬರುತ್ತದೆ. ಮೊದಲು ವಾಲ್ವಿನ ಪಿನ್ ತೆಗೆದು, ಸುಯ್ ಎನ್ನುವ ಸದ್ದು ಪೂರ್ತಿ ನಿಂತ ಮೇಲೆಯೇ ಪಾನಾ ಹಿಡಿಯಬೇಕು. ಬೇರಿಂಗಿನ ಕೆಲಸ ಇದಕ್ಕೆ ಹೋಲಿಸಿದರೆ ಮನಸ್ಸಿಗೆ ಹಿತ: ಸೀಮೆಎಣ್ಣೆಯಲ್ಲಿ ತೊಳೆದು, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ರೋಲರುಗಳ ಸಂದಿಗೆ ಒತ್ತಿ ತುಂಬಿ, ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿದು, ಆಮೇಲೆ ಒಂಚೂರು ಸಡಿಲಿಸಿ ಲಾಕ್ ಮಾಡುವುದು. ಗುಂಬಕ್ಕೆ ಕೀಲೆಣ್ಣೆ ಹಾಕಿದವರ ಮೊಮ್ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಬರುವುದು ನಿಜವಾದ ತಕರಾರು. ಯಾರೋ ರೈತ ಹಿಂದಿನ ಗೋಡೆ ಕತ್ತರಿಸಿ ಬಾಗಿಲು ಮಾಡಿದ್ದಾನೆ, ಮುಂದಿನ ಬಳೆ ಕಿತ್ತು ಟ್ರ್ಯಾಕ್ಟರಿನ ಪಿನ್ ಕೂರುವ ತೂತಿನ ಪಟ್ಟಿ ಬೆಸೆದಿದ್ದಾನೆ ಎಂದುಕೊಳ್ಳಿ. ಅಮೆರಿಕ, ಯುರೋಪಿನ ಹವ್ಯಾಸಿಗಳು ಕಣ್ಣು ಮುಚ್ಚಿ ಇವೆರಡನ್ನೂ ಕಿತ್ತು 1943ರ ಸ್ಥಿತಿಗೆ ತರುತ್ತಾರೆ. ಮೂಲ ಪೆಟ್ಟಿಗೆಗೆ ಬಾಗಿಲಿಲ್ಲ, ಆದ್ದರಿಂದ ಬಾಗಿಲು ತಪ್ಪು ಎಂಬುದು ಅವರ ವಾದ. ಆದರೆ ಸೈನ್ಯದಲ್ಲಿ ನಾಲ್ಕೈದು ವರ್ಷ ಇದ್ದು, ಹೊಲದಲ್ಲಿ ಐವತ್ತು ವರ್ಷ ದುಡಿದ ಗಾಡಿಗೆ ಯಾವುದು ಮೂಲ? ಬಳೆಯನ್ನು ವಾಪಸು ಹಾಕಲೇಬೇಕು, ಅದಿಲ್ಲದೆ ಜೀಪಿಗೆ ಕಟ್ಟಲಾಗದು. ಬಾಗಿಲನ್ನು ಮಾತ್ರ ಇರಗೊಡಬೇಕು. ನಮ್ಮ ಕಮ್ಮಾರನೊಬ್ಬ ಬಾಗಿಲಿಗೆ ಕಾಯಿಸಿ ಬಡಿದ ಕೀಲು ಬಟ್ಲರ್ ಊರಿನ ಕಾರ್ಖಾನೆಯ ಬೆಸುಗೆಗಿಂತ ಯಾವ ಲೆಕ್ಕದಲ್ಲೂ ಕಡಿಮೆಯಲ್ಲ. ತೇಲುವ ಗುಣ ಹೋಯಿತು ಎಂದು ಯಾರಾದರೂ ಆಕ್ಷೇಪಿಸಿದರೆ, ತಾಳ್ಯದ ಸುತ್ತ ಅದನ್ನು ತೇಲಿಸುವ ಹೊಳೆ ತೋರಿಸಲಿ.

ಬಣ್ಣದ ಮಾತಿಗೆ ಬಂದರೆ ಕಾನೂನು ಎದುರಾಗುತ್ತದೆ. ಬಣ್ಣಗಳ ಭಾರತೀಯ ಮಾನಕ ಐಎಸ್ 5ರಲ್ಲಿ ಆಲಿವ್ ಗ್ರೀನ್ 220ನೇ ಸಂಖ್ಯೆ. ಅಂಗಡಿಯಲ್ಲಿ ಕೇಳಿದರೆ ಡಬ್ಬಿ ಸಿಗುತ್ತದೆ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆಯವರು ತಮ್ಮ ವಾಹನಕ್ಕೆ ಆಲಿವ್ ಗ್ರೀನ್ ಬಳಿಯುವಂತಿಲ್ಲ. ತಿಂಗಳುಗಟ್ಟಲೆ ಕೂತು ಹುಡುಕಿದ ಮೂಲ ಬಣ್ಣವನ್ನೇ ಹಚ್ಚಿ ರಸ್ತೆಗಿಳಿದರೆ ಅದೇ ಅಪರಾಧ! ಅಂಗಳದಲ್ಲಿ ನಿಲ್ಲಿಸುವುದಾದರೆ ಹಸಿರು ಹಚ್ಚಬಹುದು, ಓಡಿಸುವುದಾದರೆ ಬೂದಿ ಬಣ್ಣವೋ ಮಣ್ಣಿನ ಬಣ್ಣವೋ ಹಚ್ಚಬೇಕು. ಒಳಗೋಡೆಯ ಒಂದು ಮೂಲೆಯಲ್ಲಿ ಅಂಗೈಯಗಲ ಹಳೆಯ ಹಸಿರನ್ನು ಹಾಗೇ ಬಿಟ್ಟರೆ ಯಾರೂ ಬೇಡ ಎನ್ನಲಾರರು.

ನೋಂದಣಿಯೂ ಸುಲಭವಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ನೋಂದಣಿ ಆಗಬೇಕಾದ ವಾಹನವೇ. ಅದಕ್ಕೊಂದು ಸ್ವಂತ ಸಂಖ್ಯೆ ಬೇಕು, ಹಿಂಭಾಗದಲ್ಲಿ ಎಳೆಯುವ ಗಾಡಿಯ ಸಂಖ್ಯೆಯೂ ಇರಬೇಕು. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಜಾರಿಗೆ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಆ ಸೌಲಭ್ಯ ಇರುವುದು ದ್ವಿಚಕ್ರ ಮತ್ತು ನಾಲ್ಕು ಚಕ್ರದ ಪ್ರಯಾಣಿಕ ವಾಹನಗಳಿಗೆ. ಟ್ರೇಲರಿಗೆ ಇರುವುದು ಎರಡೇ ಚಕ್ರ, ಆದರೂ ಅದು ದ್ವಿಚಕ್ರ ವಾಹನವಲ್ಲ. ನಿಯಮ ಬರೆದವರ ಕಣ್ಣಿಗೂ ಅದು ಬೀಳಲಿಲ್ಲ. ಹೀಗಾಗಿ ಹರಾಜಿನ ಕಾಗದಪತ್ರ ಇಲ್ಲದ ಟ್ರೇಲರ್ ಅಂಗಳ ಬಿಟ್ಟು ಕದಲದಿರುವುದೇ ಕ್ಷೇಮ.

ಇಂಥ ಪೆಟ್ಟಿಗೆ ಕೆಲವು ಹಿತ್ತಿಲುಗಳಲ್ಲಿ ದನಕ್ಕೆ ನೀರಿಡುವ ಬಾನಿಯಾಗಿಯೋ ಸೌದೆ ತುಂಬುವ ಡಬ್ಬವಾಗಿಯೋ ಬಿದ್ದಿರಬಹುದು. ತೂತುಗಳಿಗೆ ಬಟ್ಟೆ ಗಿಡಿದು ಬಾನಿ ಮಾಡಿಕೊಂಡವರಿಗೆ ಅದು ತೇಲುವ ಗಾಡಿ ಎಂದು ಯಾರೂ ಹೇಳಿರಲಿಕ್ಕಿಲ್ಲ. ಗುಜರಿಯವರು ಬಂದರೆ ಕೊಡುವುದು 250 ಕೆಜಿ ಕಬ್ಬಿಣದ ಬೆಲೆ. ಕೊಡುವ ಮುನ್ನ ಮುಂಭಾಗದಲ್ಲಿ ಸಣ್ಣ ತಗಡಿನ ಫಲಕವೇನಾದರೂ ಇದೆಯೇ ನೋಡಿ. ಇದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕಂಪನಿಯ ಹೆಸರು, ಸಂಖ್ಯೆ, ತಯಾರಾದ ವರ್ಷ ಎಲ್ಲವೂ ಆ ಫಲಕದಲ್ಲೇ ಇರುತ್ತವೆ.